ಮಧುಮೇಹ: ಊಟ, ವ್ಯಾಯಾಮ, ಕಲಿಕೆ – ನಿಮಗೆ ಯಾವುದು ಮೊದಲು?

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ವಾರದಲ್ಲಿ ಹೆಚ್ಚಿನವರು ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಲು ಹೊರಡುತ್ತಾರೆ. ಬೆಳಗ್ಗೆ ಒಂದು ಗಂಟೆ ನಡಿಗೆ, ರಾತ್ರಿ ಊಟ ಬಂದ್, ಸಿಹಿ ಪೂರ್ತಿ ಬಂದ್. ತಿಂಗಳು ತುಂಬುವುದರೊಳಗೆ ಮಂಡಿ ನೋಯತೊಡಗುತ್ತದೆ, ಹಸಿವು ತಡೆಯಲಾಗುವುದಿಲ್ಲ, ಹಿಡಿದದ್ದೆಲ್ಲ ಒಂದೊಂದಾಗಿ ಕೈಬಿಟ್ಟುಹೋಗುತ್ತದೆ. ತನಗೆ ಇರುವ ತೊಂದರೆ ಯಾವುದು, ಅದಕ್ಕೆ ತಕ್ಕ ಉಪಾಯ ಯಾವುದು ಎಂದು ನೋಡದೆ ಹೊರಟಿದ್ದರ ಫಲ ಇದು. ಊಟ, ವ್ಯಾಯಾಮ, ಕಲಿಕೆ (ಅಂದರೆ ಕಾಯಿಲೆಯನ್ನು ನಿಭಾಯಿಸುವುದನ್ನು ಕ್ರಮವಾಗಿ ಕಲಿಯುವುದು) ಮೂರೂ ಸಕ್ಕರೆ ಇಳಿಸುತ್ತವೆ ನಿಜ. ಆದರೆ ಒಂದೊಂದು ಒಂದೊಂದು ಕಡೆ ಕೆಲಸ ಮಾಡುತ್ತದೆ. ನಿಮ್ಮ ಸಕ್ಕರೆ ದಿನದ ಯಾವ ಹೊತ್ತಿನಲ್ಲಿ ಏರುತ್ತಿದೆ ಎಂದು ತಿಳಿದುಕೊಂಡರೆ ಯಾವುದಕ್ಕೆ ಮೊದಲು ಕೈಹಾಕಬೇಕು ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳಿರುವುದು ಟೈಪ್ 2 ಮಧುಮೇಹ ಇರುವವರಿಗೆ ಮತ್ತು ಅದರ ಅಂಚಿನಲ್ಲಿರುವವರಿಗೆ. ಟೈಪ್ 1 ಮಧುಮೇಹದಲ್ಲಿ ದೇಹ ಇನ್ಸುಲಿನ್ ತಯಾರಿಸುವುದೇ ನಿಂತುಹೋಗುವುದರಿಂದ ಎಷ್ಟು ಪಥ್ಯ ಮಾಡಿದರೂ, ಎಷ್ಟು ನಡೆದರೂ ಇನ್ಸುಲಿನ್ ಬಿಡುವಂತಿಲ್ಲ. ಗರ್ಭಿಣಿಯರ ಗುರಿಗಳೂ ಲೆಕ್ಕಗಳೂ ಬೇರೆ. ಇನ್ನೊಂದು ಮಾತು: ಕೆಳಗಿನ ಸಕ್ಕರೆ ಅಂಕಿಗಳೆಲ್ಲ ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಿಮ್ಮ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸುವುದಾದರೆ ಇವನ್ನು 18ರಿಂದ ಭಾಗಿಸಿಕೊಳ್ಳಿ.

ಮೊದಲು ಎಲ್ಲಿ ಏರುತ್ತಿದೆ ನೋಡಿ

ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. 6% ಬಂದರೆ ಸರಾಸರಿ ಸಕ್ಕರೆ ಸುಮಾರು 126, 7% ಬಂದರೆ 154, 8% ಬಂದರೆ 183. ದಾರಿ ಸರಿಯಿದೆಯೇ ಎಂದು ತಿಳಿಯಲು ಇದು ಒಳ್ಳೆಯ ಅಳತೆ, ಆದರೆ ಏನನ್ನು ಬದಲಿಸಬೇಕೆಂದು ಇದು ಹೇಳುವುದಿಲ್ಲ. ಇಬ್ಬರಿಗೆ ಒಂದೇ 7.8% ಬಂದಿರಬಹುದು. ಒಬ್ಬರಿಗೆ ಬೆಳಗ್ಗೆ ಬರಿಹೊಟ್ಟೆಯಲ್ಲೇ 170 ಇದ್ದರೆ, ಇನ್ನೊಬ್ಬರಿಗೆ ಬೆಳಗ್ಗೆ 115 ಇದ್ದು ರಾತ್ರಿ ಊಟವಾದ ಮೇಲೆ 260ಕ್ಕೆ ಹಾರುತ್ತಿರುತ್ತದೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರ ಶ್ರಮವಾದರೂ ವ್ಯರ್ಥ. ರಕ್ತಹೀನತೆ ಇದ್ದರೆ ಈ ಪರೀಕ್ಷೆಯೇ ದಾರಿ ತಪ್ಪಿಸಬಹುದು: ಕಬ್ಬಿಣದ ಕೊರತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ರಕ್ತಸ್ರಾವವಾಗಿದ್ದರೆ ಅಥವಾ ಕೆಂಪು ರಕ್ತಕಣಗಳು ಬೇಗ ನಾಶವಾಗುತ್ತಿದ್ದರೆ ಕಡಿಮೆ ತೋರಿಸುತ್ತದೆ.

ಆದ್ದರಿಂದ ಆರು ದಿನ ಗ್ಲುಕೋಮೀಟರ್ ಹಿಡಿದು ಜೋಡಿ ಪರೀಕ್ಷೆ ಮಾಡಿ. ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಲ. ಅದರ ಜೊತೆ ದಿನಕ್ಕೆ ಒಂದು ಊಟವನ್ನು ಆರಿಸಿಕೊಂಡು, ಮೊದಲ ತುತ್ತಿಗೆ ಮುಂಚೆ ಒಂದು ಸಲ, ಆ ತುತ್ತಿನಿಂದ ಎರಡು ಗಂಟೆ ಎಣಿಸಿ ಮತ್ತೊಂದು ಸಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಒಂದೊಂದಕ್ಕೂ ಎರಡೆರಡು ದಿನ ಸಿಗುತ್ತದೆ. ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಪಕ್ಕದಲ್ಲಿ ಬರೆಯಿರಿ. ಊಟಕ್ಕೆ ಮುಂಚಿನ ಮತ್ತು ನಂತರದ ಅಂಕಿಗಳ ಅಂತರ 50 ದಾಟಿದರೆ ಆ ಊಟದಲ್ಲೇ ಬದಲಿಸುವುದಕ್ಕೆ ಏನೋ ಇದೆ. ಸಾಮಾನ್ಯವಾಗಿ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ಒಂದೆರಡು ಗಂಟೆಯ ನಂತರ 180ಕ್ಕಿಂತ ಕೆಳಗೆ ಎಂಬ ಗುರಿ ಇಟ್ಟುಕೊಳ್ಳುತ್ತಾರೆ. ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿರುವವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ.

ಇಲ್ಲಿ ಆಗುವ ತಪ್ಪುಗಳು ಎರಡು. ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಬೆರಳು ಚುಚ್ಚಿದರೆ ಬೆರಳ ಮೇಲಿನ ಸಕ್ಕರೆಯೂ ಸೇರಿ ಅಂಕಿ ಏರುತ್ತದೆ. ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಂಡೇ ಚುಚ್ಚಬೇಕು. ಎರಡನೆಯದು, ಸಣ್ಣ ವ್ಯತ್ಯಾಸಕ್ಕೆ ಹಿಗ್ಗುವುದು ಅಥವಾ ಕುಗ್ಗುವುದು. ಮನೆಯ ಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ 15% ಆಚೀಚೆ ಆಗುವುದನ್ನು ಒಪ್ಪುತ್ತದೆ. ನಿನ್ನೆ 142, ಇವತ್ತು 155 ಬಂದರೆ ಅದನ್ನು ಒಂದೇ ಎಂದುಕೊಳ್ಳಿ.

ಬರಿಹೊಟ್ಟೆಯ ಸಕ್ಕರೆಯ ಬಗ್ಗೆ ಒಂದು ಗೊಂದಲ ಎಲ್ಲರಿಗೂ ಇದ್ದದ್ದೇ: ರಾತ್ರಿ ಏನೂ ತಿನ್ನಲಿಲ್ಲ, ಬೆಳಗ್ಗೆ 160 ಎಲ್ಲಿಂದ ಬಂತು? ಅದು ಲಿವರ್‌ನಿಂದ ಬಂದದ್ದು. ನಾವು ಮಲಗಿರುವಾಗ ಮಿದುಳಿಗೆ ಬೇಕಾದ ಸಕ್ಕರೆಯನ್ನು ಲಿವರ್ ಬಿಡುತ್ತಿರುತ್ತದೆ. ನಸುಕಿನಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಏರಿದಾಗ ಇನ್ನಷ್ಟು ಬಿಡುತ್ತದೆ. ಇನ್ಸುಲಿನ್ ಸರಿಯಾಗಿ ನಾಟುವ ದೇಹದಲ್ಲಿ ಇದಕ್ಕೆ ಕಡಿವಾಣ ಬೀಳುತ್ತದೆ. ಕೊಬ್ಬು ತುಂಬಿದ ಲಿವರ್ ಆ ಕಡಿವಾಣಕ್ಕೆ ಬಗ್ಗುವುದಿಲ್ಲ. ಹಾಗಾಗಿ ಬೆಳಗಿನ ಅಂಕಿ ಇಳಿಯಬೇಕಾದರೆ ತೂಕ ಇಳಿಯುವುದೇ ದೊಡ್ಡ ಮದ್ದು. ರಾತ್ರಿ ಉಪವಾಸ ಮಲಗುವುದು ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ.

ಮೂರನ್ನೂ ತೂಗಿದರೆ

ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನ ಈಗಲೂ ಈ ವಿಷಯದ ಬುನಾದಿ. ದೇಹದ ತೂಕದಲ್ಲಿ 7% ಇಳಿಸುವುದು, ವಾರಕ್ಕೆ 150 ನಿಮಿಷ ಚಟುವಟಿಕೆ, ಇವೆರಡನ್ನೂ ಕಲಿಸುವ 16 ಪಾಠಗಳು – ಇಷ್ಟನ್ನು ಪಾಲಿಸಿದ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಇಳಿದದ್ದು 31%. ಗೆದ್ದದ್ದು ಊಟ, ವ್ಯಾಯಾಮ, ಕಲಿಕೆ ಮೂರೂ ಹೆಣೆದ ಕಾರ್ಯಕ್ರಮ ಎಂಬುದನ್ನು ಗಮನಿಸಿ. ಬೇರೆಬೇರೆಯಾಗಿ ಪರೀಕ್ಷಿಸಿದ್ದು ಚೀನಾದ ಡಾಚಿಂಗ್ ನಗರದಲ್ಲಿ. 1986ರಲ್ಲಿ ಶುರುವಾದ ಆ ಅಧ್ಯಯನದಲ್ಲಿ 577 ಜನರನ್ನು ಆರು ವರ್ಷ ನೋಡಿದಾಗ ಊಟದ ಬದಲಾವಣೆಯಿಂದ 31%, ವ್ಯಾಯಾಮದಿಂದ 46%, ಎರಡರಿಂದ 42% ಅಪಾಯ ತಗ್ಗಿತ್ತು. ಈ ಮೂರು ಅಂಕಿಗಳ ನಡುವಿನ ಅಂತರಕ್ಕೆ ದೊಡ್ಡ ಅರ್ಥ ಕಟ್ಟಬೇಕಿಲ್ಲ. ಯಾವುದನ್ನು ಹಿಡಿದರೂ ಫಲವಿದೆ ಎಂಬುದಷ್ಟೇ ಮುಖ್ಯ.

ಕಾಯಿಲೆ ಬಂದಾದ ಮೇಲೆ ಲೆಕ್ಕ ಬದಲಾಗುತ್ತದೆ. 2001ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ವ್ಯಾಯಾಮದಿಂದ ಎಚ್‌ಬಿಎ1ಸಿ ಸರಾಸರಿ 0.66 ಅಂಶ (ಅಂದರೆ 8% ಇದ್ದದ್ದು 7.34%ಕ್ಕೆ ಬಂದಂತೆ) ಇಳಿದಿತ್ತು, ಅದೂ ತೂಕ ಅಷ್ಟೇನೂ ಇಳಿಯದೆ. 2011ರ ಇನ್ನೊಂದು ವಿಶ್ಲೇಷಣೆ ಇದನ್ನು ಬಿಡಿಸಿ ಹೇಳಿತು: ಯಾರಾದರೂ ಮುಂದೆ ನಿಂತು ಮಾಡಿಸುವ ಕ್ರಮಬದ್ಧ ವ್ಯಾಯಾಮ ವಾರಕ್ಕೆ 150 ನಿಮಿಷ ದಾಟಿದರೆ 0.89, ಅದಕ್ಕಿಂತ ಕಡಿಮೆಯಾದರೆ 0.36. ‘ನಡೆಯಿರಿ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ, ಜೊತೆಗೆ ಊಟದ ಸಲಹೆಯೂ ಇಲ್ಲದಿದ್ದರೆ, ಫಲ ಸಿಕ್ಕಿರಲಿಲ್ಲ. ಕ್ರಮವಾಗಿ ಕಲಿಸುವ ಮಧುಮೇಹ ಶಿಕ್ಷಣವೂ ಸರಾಸರಿ ಅರ್ಧ ಅಂಶಕ್ಕಿಂತ ತುಸು ಹೆಚ್ಚು ಇಳಿಸುತ್ತದೆ. ಎತ್ತರದ ಜಿಗಿತ ಮಾತ್ರ ಊಟದ ಕಡೆಯದು: ತೂಕ ಬಹಳಷ್ಟು ಇಳಿದರೆ ಮಾತ್ರೆಯೇ ಇಲ್ಲದೆ ಸಕ್ಕರೆ ಸಹಜಕ್ಕೆ ಬರುವ ಸಾಧ್ಯತೆ ಇದೆ. ಅದರ ವಿವರ ಮುಂದಿದೆ.

ಊಟದ ದಾರಿಗಳು

ತಟ್ಟೆ ಪದ್ಧತಿ ಎಲ್ಲಕ್ಕಿಂತ ಸರಳ. 23 ಸೆಂ.ಮೀ. ಅಗಲದ ತಟ್ಟೆಯ ಅರ್ಧ ಪಿಷ್ಟವಿಲ್ಲದ ತರಕಾರಿ, ಕಾಲುಭಾಗ ಪ್ರೋಟೀನ್, ಉಳಿದ ಕಾಲುಭಾಗದಲ್ಲಿ ಮಾತ್ರ ಧಾನ್ಯದ ಪದಾರ್ಥ. ತೂಗುವುದಿಲ್ಲ, ಎಣಿಸುವುದಿಲ್ಲ. ಇದು ಕೆಡುವುದು ಎಲ್ಲಿ? ಆಲೂಗಡ್ಡೆ, ಮೆಕ್ಕೆಜೋಳದ ಕಾಳು, ಹಸಿ ಬಟಾಣಿಗಳನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಿದಾಗ. ಅವು ಧಾನ್ಯದ ಕಾಲುಭಾಗಕ್ಕೆ ಹೋಗಬೇಕಾದವು. ತಟ್ಟೆ ದೊಡ್ಡದಾದರೂ ಕೆಡುತ್ತದೆ: 23ರ ಬದಲು 28 ಸೆಂ.ಮೀ. ತಟ್ಟೆ ಹಿಡಿದರೆ ಅದರ ಹರವು ಒಂದೂವರೆ ಪಟ್ಟು, ಊಟವೂ ಅಷ್ಟೇ. ಕಾಲುಭಾಗವನ್ನು ಗುಡ್ಡದ ಹಾಗೆ ಬಡಿಸಿಕೊಂಡರೂ ಅದೇ ಕಥೆ. ಎಲ್ಲವೂ ಒಂದರಲ್ಲೊಂದು ಬೆರೆತ ಅಡುಗೆಗೆ ಈ ಪದ್ಧತಿ ಒಗ್ಗುವುದಿಲ್ಲ; ಆಗ ಬೇಯಿಸುವ ಮೊದಲೇ ಅಳತೆ ನೋಡಿಕೊಳ್ಳಬೇಕು.

ಕಾರ್ಬೋಹೈಡ್ರೇಟ್ ಎಣಿಕೆ ಹೆಚ್ಚು ನಿಖರ, ಹೆಚ್ಚು ಶ್ರಮ. 15 ಗ್ರಾಂ ಕಾರ್ಬೋಹೈಡ್ರೇಟ್‌ಗೆ ಒಂದು ಪಾಲು ಎಂದು ಲೆಕ್ಕ. 240 ಮಿ.ಲೀ. ಕಪ್ಪಿನಲ್ಲಿ ಮೂರನೇ ಒಂದು ಭಾಗ ಅನ್ನ, ಒಂದು ಹೋಳು ಬ್ರೆಡ್, ಅರ್ಧ ಕಪ್ ಬೆಂದ ಕಾಳು, ಒಂದು ಚಿಕ್ಕ ಸೇಬು – ಇವು ಒಂದೊಂದೂ ಸುಮಾರು ಒಂದು ಪಾಲು. ಒಂದು ಕಪ್ ಹಾಲಿನಲ್ಲಿ 12 ಗ್ರಾಂ. ಊಟದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಇದನ್ನು ಕಲಿಯಲೇಬೇಕು, ಏಕೆಂದರೆ ಅವರ ಡೋಸ್ ನಿಂತಿರುವುದೇ ಈ ಎಣಿಕೆಯ ಮೇಲೆ. ಉಳಿದವರು ಎರಡು ವಾರ ಮಾಡಿ ನೋಡಿದರೂ ಸಾಕು, ಕಣ್ಣಿಗೆ ಅಳತೆ ಕೂತುಬಿಡುತ್ತದೆ. ಇಲ್ಲಿನ ದೊಡ್ಡ ತಪ್ಪು ಹಸಿ ತೂಕಕ್ಕೂ ಬೆಂದ ತೂಕಕ್ಕೂ ಇರುವ ಅಂತರದ್ದು. 100 ಗ್ರಾಂ ಅಕ್ಕಿಯಲ್ಲಿ ಹೆಚ್ಚುಕಡಿಮೆ 80 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, 100 ಗ್ರಾಂ ಅನ್ನದಲ್ಲಿ 28 ಗ್ರಾಂ. ಪಟ್ಟಿಯಲ್ಲಿ ಯಾವುದರ ಅಂಕಿ ಕೊಟ್ಟಿದ್ದಾರೆ ಎಂದು ನೋಡದಿದ್ದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

ಕಡಿಮೆ ಕಾರ್ಬ್ ಊಟ, ಅಂದರೆ ಕಾರ್ಬೋಹೈಡ್ರೇಟ್ ದಿನಕ್ಕೆ 130 ಗ್ರಾಂಗಿಂತ ಕೆಳಗೆ, ಊಟದ ನಂತರದ ಸಕ್ಕರೆಯನ್ನು ಬೇಗ ಇಳಿಸುತ್ತದೆ. 2021ರಲ್ಲಿ 23 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಆರು ತಿಂಗಳಿಗೆ ಈ ಗುಂಪಿನ 57% ಮಂದಿ ಎಚ್‌ಬಿಎ1ಸಿಯಲ್ಲಿ 6.5%ಗಿಂತ ಕೆಳಗೆ ಬಂದಿದ್ದರು, ಬೇರೆ ಊಟದವರಲ್ಲಿ 31%. ವರ್ಷ ತುಂಬುವಷ್ಟರಲ್ಲಿ ಈ ಅಂತರ ಕರಗಿತ್ತು, ಏಕೆಂದರೆ ಜನ ಹಳೆಯ ಊಟಕ್ಕೆ ಮರಳುತ್ತಾರೆ. ಕಾರ್ಬ್ ತೆಗೆದ ಜಾಗಕ್ಕೆ ಬೆಣ್ಣೆ, ಕೊಬ್ಬಿದ ಮಾಂಸ ತುಂಬಿದರೆ ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಕಾಳು, ಬೀಜ, ಮೀನು, ಎಣ್ಣೆಬೀಜಗಳ ಎಣ್ಣೆ ತುಂಬಿದರೆ ಹಾಗಾಗುವುದು ಕಡಿಮೆ. ಎರಡು ಕಡೆ ಇದು ಅಪಾಯವನ್ನೇ ತರುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಡೋಸ್ ಇಳಿಸಿಕೊಳ್ಳದೆ ಶುರುಮಾಡಿದ ಮೊದಲ ದಿನವೇ ಸಕ್ಕರೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಅತಿಯಾಗಿ ಇಳಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ (ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವಂಥದ್ದು) ತುಂಬಿಕೊಳ್ಳಬಹುದು, ಮೀಟರಿನಲ್ಲಿ ಸಕ್ಕರೆ 200 ಕೂಡ ಇಲ್ಲದಿರುವಾಗಲೇ. ವಾಕರಿಕೆ, ಹೊಟ್ಟೆನೋವು, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಎರಡು ಗುಂಪಿನವರು ವೈದ್ಯರನ್ನು ಕೇಳದೆ ಈ ದಾರಿಗೆ ಇಳಿಯಲೇಬಾರದು.

ಅತಿ ಕಡಿಮೆ ಕ್ಯಾಲೊರಿಯ ದಾರಿಯೇ ಬೇರೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅಧ್ಯಯನದಲ್ಲಿ ದಿನಕ್ಕೆ 825ರಿಂದ 853 ಕ್ಯಾಲೊರಿಯ ದ್ರವಾಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟು, ಆಮೇಲೆ ಹಂತಹಂತವಾಗಿ ಮಾಮೂಲಿ ಊಟಕ್ಕೆ ಮರಳಿಸಿದರು. ವರ್ಷದ ಕೊನೆಗೆ 46% ಮಂದಿ ಮಾತ್ರೆಯಿಲ್ಲದೆ 6.5%ಗಿಂತ ಕೆಳಗಿದ್ದರು, 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ 86%. ಎರಡನೇ ವರ್ಷಕ್ಕೆ ಒಟ್ಟು ಪ್ರಮಾಣ 36%ಕ್ಕೆ ಇಳಿಯಿತು. ಇದನ್ನು ಓದಿ ಎಲ್ಲರೂ ಹೊರಡುವಂತಿಲ್ಲ. ಅದರಲ್ಲಿದ್ದವರು ಕಾಯಿಲೆ ಬಂದು ಆರು ವರ್ಷ ಮೀರದವರು, ತೂಕ ಹೆಚ್ಚಿದ್ದವರು, ಇನ್ಸುಲಿನ್ ಇಲ್ಲದವರು. ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯಕೀಯ ನಿಗಾದಲ್ಲಿ ಮೊದಲ ದಿನವೇ ನಿಲ್ಲಿಸಲಾಗಿತ್ತು. ತೆಳ್ಳಗಿರುವವರಿಗೆ, ಹಳೆಯ ಮಧುಮೇಹಿಗಳಿಗೆ ಇದು ಹೊಂದುವುದಿಲ್ಲ. ಆದರೆ ಕಾಯಿಲೆ ಹೊಸದು, ತೂಕವೂ ಹೆಚ್ಚು ಎನ್ನುವವರಿಗೆ ಇಂಥ ಅವಕಾಶ ಆಮೇಲೆ ಸಿಗುವುದು ಕಷ್ಟ. ವೈದ್ಯರೊಂದಿಗೆ ಈ ಮಾತನ್ನು ನೀವೇ ಎತ್ತಿ.

ದಿನದಲ್ಲಿ ಎಂಟು ಗಂಟೆಯೊಳಗೆ ಊಟ ಮುಗಿಸುವ ಪದ್ಧತಿಗೆ ಈಗ ಭಾರಿ ಪ್ರಚಾರ. ಅದರ ಫಲ ಬಹುಪಾಲು ಬರುವುದು ಒಟ್ಟು ಊಟ ಕಡಿಮೆಯಾಗುವುದರಿಂದ. ಎಣಿಸಲು ಬೇಸರ ಪಡುವವರಿಗೆ ಒಳ್ಳೆಯದು, ಸಕ್ಕರೆ ಕುಸಿಸುವ ಮಾತ್ರೆ ಇರುವವರಿಗೆ ಅಪಾಯ. ಅಷ್ಟೇ.

ಯಾವ ದಾರಿ ಹಿಡಿದರೂ ಜೊತೆಗೆ ಸೇರಿಸಬಹುದಾದದ್ದು ತಿನ್ನುವ ಕ್ರಮ. ತರಕಾರಿ ಮತ್ತು ಪ್ರೋಟೀನ್ ಮೊದಲು ಮುಗಿಸಿ, ಧಾನ್ಯದ ಪದಾರ್ಥವನ್ನು ಕೊನೆಗೆ ತಿಂದರೆ ಹೊಟ್ಟೆ ಖಾಲಿಯಾಗುವ ವೇಗ ತಗ್ಗುತ್ತದೆ. 2015ರ ಒಂದು ಪ್ರಯೋಗದಲ್ಲಿ ಅದೇ ಊಟವನ್ನು ಹೀಗೆ ತಿಂದಾಗ ಒಂದು ಗಂಟೆಯ ಸಕ್ಕರೆ 37% ಕಡಿಮೆ ಇತ್ತು. ಅದರಲ್ಲಿದ್ದವರು 11 ಜನ ಮಾತ್ರ, ಹಾಗಾಗಿ ಅಂಕಿಯನ್ನು ಮಂತ್ರದಂತೆ ಹಿಡಿಯಬೇಡಿ; ನಿಮ್ಮ ಮೀಟರಿನಲ್ಲೇ ಎರಡು ದಿನ ಪರೀಕ್ಷಿಸಿ ನೋಡಿ. ಹಣ್ಣನ್ನು ಕಚ್ಚಿ ತಿನ್ನುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ: ರಸದಲ್ಲಿ ನಾರು ಹೋಗಿರುತ್ತದೆ, ಮೂರು ಹಣ್ಣಿನ ಸಕ್ಕರೆ ಎರಡು ನಿಮಿಷದಲ್ಲಿ ಒಳಗಿಳಿಯುತ್ತದೆ. ಜೇನು, ಕಂದು ಸಕ್ಕರೆಗಳು ಬಿಳಿ ಸಕ್ಕರೆಯ ಒಡಹುಟ್ಟಿದವೇ. ‘ಶುಗರ್ ಫ್ರೀ’ ಎಂದು ಬರೆದ ಬಿಸ್ಕತ್ತಿನಲ್ಲಿ ಹಿಟ್ಟು ಇದ್ದೇ ಇರುತ್ತದೆ. ಪೊಟ್ಟಣದ ಹಿಂದೆ ಸಕ್ಕರೆಯ ಸಾಲನ್ನು ಬಿಟ್ಟು ಒಟ್ಟು ಕಾರ್ಬೋಹೈಡ್ರೇಟ್ ಎಂಬ ಸಾಲನ್ನು ಓದಿ.

ವ್ಯಾಯಾಮದಲ್ಲಿ ಯಾವುದು

ಸ್ನಾಯು ದುಡಿಯುವಾಗ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಲು ಅದಕ್ಕೆ ಇನ್ಸುಲಿನ್ ಬಾಗಿಲು ತೆರೆಯಬೇಕೆಂದಿಲ್ಲ. ಸಂಕೋಚನವೇ ಬೇರೊಂದು ಬಾಗಿಲು ತೆರೆಯುತ್ತದೆ. ಇನ್ಸುಲಿನ್ ಪ್ರತಿರೋಧ ಇರುವ, ಅಂದರೆ ಇನ್ಸುಲಿನ್ ಇದ್ದರೂ ಸರಿಯಾಗಿ ನಾಟದ ದೇಹಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಒಂದು ದಿನದ ವ್ಯಾಯಾಮದ ಗುಣ ಒಂದರಿಂದ ಮೂರು ದಿನ ಉಳಿದು ಆಮೇಲೆ ಕರಗುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ ಎನ್ನುವ ನಿಯಮ ಹುಟ್ಟಿದ್ದು ಇದರಿಂದ. ಭಾನುವಾರ ಒಂದೇ ದಿನ ಮೂರು ಗಂಟೆ ನಡೆದು ಉಳಿದ ದಿನ ಕೂತರೆ ಬುಧವಾರದ ಹೊತ್ತಿಗೆ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಬಿರುಸು ನಡಿಗೆ ವಾರಕ್ಕೆ 150 ನಿಮಿಷ ಎಂಬುದು ಅಡಿಪಾಯ. ಬಿರುಸು ಎಂದರೆ ಮಾತಾಡಬಹುದು, ಹಾಡಲಾಗುವುದಿಲ್ಲ ಎನ್ನುವಷ್ಟು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ನಾಡಿ ಎಣಿಸುವ ಗಡಿಯಾರವನ್ನು ನಂಬಬಾರದು. ಮಾತ್ರೆಯೇ ನಾಡಿಬಡಿತವನ್ನು ತಗ್ಗಿಸಿರುತ್ತದೆ, ಮಾತಿನ ಪರೀಕ್ಷೆಯೇ ಅವರಿಗೆ ಸರಿ.

ಸಮಯವೇ ಇಲ್ಲ ಎನ್ನುವವರಿಗೆ, ಊಟದ ನಂತರವೇ ಸಕ್ಕರೆ ಏರುವವರಿಗೆ ಊಟದ ನಂತರದ 10 ನಿಮಿಷದ ನಡಿಗೆ ಹೆಚ್ಚು ಹೊಂದುತ್ತದೆ. ನ್ಯೂಜಿಲೆಂಡಿನಲ್ಲಿ 41 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ 12% ಕಡಿಮೆ ಇತ್ತು. ರಾತ್ರಿಯ ಊಟದ ನಂತರ 22%. ಶ್ರಮ ಅಷ್ಟೇ, ಹೊತ್ತು ಮಾತ್ರ ಬೇರೆ. ಸಕ್ಕರೆ ತುದಿ ಮುಟ್ಟುವುದು ಊಟದ ಒಂದು ಒಂದೂವರೆ ಗಂಟೆಯ ಸುಮಾರಿಗೆ. ಅದಕ್ಕೆ ಮುಂಚೆ, ಕೈತೊಳೆದ ಅರ್ಧ ಗಂಟೆಯೊಳಗೆ ಹೊರಟರೆ ಏರಿಕೆ ಅಲ್ಲೇ ತಗ್ಗುತ್ತದೆ. ಕೂತು ಮಾಡುವ ಕೆಲಸದವರು ಅರ್ಧ ಗಂಟೆಗೊಮ್ಮೆ ಎದ್ದು ಮೂರು ನಿಮಿಷ ಓಡಾಡುವುದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು.

ಭಾರದ ವ್ಯಾಯಾಮವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ನಷ್ಟವಾಗುವುದೇ ಅಲ್ಲಿ. ಊಟದ ನಂತರದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುವಿಗೆ. ವಯಸ್ಸಾದಂತೆ, ತೂಕ ಇಳಿಸಿದಂತೆ ಸ್ನಾಯು ಸವೆದರೆ ಆ ಉಗ್ರಾಣವೇ ಚಿಕ್ಕದಾಗುತ್ತದೆ. 2010ರಲ್ಲಿ ಪ್ರಕಟವಾದ, 262 ಜನರ ಒಂಬತ್ತು ತಿಂಗಳ ಪ್ರಯೋಗದಲ್ಲಿ ಒಟ್ಟು ಸಮಯವನ್ನು ಹೆಚ್ಚುಕಡಿಮೆ ಸಮವಾಗಿಟ್ಟು ನೋಡಿದಾಗ, ಬರೀ ನಡಿಗೆಯಿಂದಾಗಲಿ ಬರೀ ಭಾರದಿಂದಾಗಲಿ ಎಚ್‌ಬಿಎ1ಸಿಯಲ್ಲಿ ಖಚಿತ ಇಳಿಕೆ ಕಾಣಲಿಲ್ಲ. ಎರಡನ್ನೂ ಬೆರೆಸಿದ ಗುಂಪಿನಲ್ಲಿ 0.34 ಅಂಶ ಇಳಿಯಿತು. ಹಾಗಾಗಿ ಆರಿಸಿಕೊಳ್ಳುವ ಸಂದರ್ಭ ಬಂದರೆ ನಡಿಗೆಯ ಐದು ದಿನದಲ್ಲಿ ಎರಡನ್ನು ಭಾರಕ್ಕೆ ಬಿಟ್ಟುಕೊಡಿ.

ಮನೆಯಲ್ಲೇ ಮಾಡುವ ಬಗೆ: ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಪುಸ್ತಕ ತುಂಬಿದ ಚೀಲವನ್ನು ಬಗ್ಗಿ ಸೊಂಟದತ್ತ ಎಳೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು. ಒಂದೊಂದನ್ನು 8ರಿಂದ 15 ಸಲ, ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಎರಡು ಸುತ್ತು. ವಾರಕ್ಕೆ ಎರಡು ಮೂರು ದಿನ, ಒಂದರ ಪಕ್ಕದಲ್ಲೊಂದು ಬೇಡ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. 15 ಸಲ ಸಲೀಸಾಗಿ ಆಗತೊಡಗಿದರೆ ಭಾರ ಹೆಚ್ಚಿಸಿ. ಆರು ತಿಂಗಳು ಅದೇ ಎರಡು ಕೆ.ಜಿ. ಎತ್ತುತ್ತಿದ್ದರೆ ಸ್ನಾಯು ಬೆಳೆಯಲು ಕಾರಣವೇ ಇರುವುದಿಲ್ಲ. ಉಸಿರು ಬಿಗಿಹಿಡಿಯಬೇಡಿ, ಎತ್ತುವಾಗ ಬಿಡಿ. ಕಣ್ಣಿನ ಅಕ್ಷಿಪಟಲದಲ್ಲಿ ಹೊಸ ರಕ್ತನಾಳ ಬೆಳೆದಿರುವ ಹಂತದವರಿಗೆ ಹೀಗೆ ಬಿಗಿಹಿಡಿದು ಎತ್ತುವುದರಿಂದ ಕಣ್ಣೊಳಗೆ ರಕ್ತ ಸೋರುವ ಅಪಾಯವಿದೆ. ಭಾರ ಶುರುಮಾಡುವ ಮುಂಚೆ ಅವರು ಕಣ್ಣಿನ ತಪಾಸಣೆ ಮುಗಿಸಿರಬೇಕು. ಪಾದ ಜೋಮು ಹಿಡಿದಿರುವವರು ಬೂಟಿನೊಳಗೆ ಕೈಹಾಕಿ ನೋಡಿಯೇ ಧರಿಸಬೇಕು, ನಡೆದು ಬಂದ ಮೇಲೆ ಅಂಗಾಲು ನೋಡಿಕೊಳ್ಳಬೇಕು. ಗಾಯವಿದ್ದರೆ ನಡಿಗೆ ಬಿಟ್ಟು ಸೈಕಲ್, ಕುರ್ಚಿ ವ್ಯಾಯಾಮ. ಎದೆ ಬಿಗಿತ, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ವೇಗದ ಓಟ, ಅತಿ ಬಿರುಸಿನ ಆಟ ಆಡಿದ ಕೂಡಲೇ ಸಕ್ಕರೆ ಏರಿದ್ದನ್ನು ಕಂಡು ಕೆಲವರು ವ್ಯಾಯಾಮವನ್ನೇ ಬಿಡುತ್ತಾರೆ. ಅದು ಅಡ್ರಿನಲಿನ್ ಕೆಲಸ: ದೇಹ ಓಟಕ್ಕೆಂದು ಲಿವರ್‌ನಿಂದ ಸಕ್ಕರೆ ಹೊರಹಾಕುತ್ತದೆ. ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ.

ಸಕ್ಕರೆ ಕುಸಿಯುವ ಭಯ

ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಈ ಭಯ ಬಹಳ ಕಡಿಮೆ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇರುವವರು ವ್ಯಾಯಾಮಕ್ಕೆ ಮುಂಚೆ ನೋಡಿಕೊಳ್ಳಬೇಕು: 90ಕ್ಕಿಂತ ಕಡಿಮೆ ಇದ್ದರೆ 15ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ತಿಂದು ಹೊರಡಿ. 250 ದಾಟಿ ಮೈಯಲ್ಲಿ ಕೀಟೋನ್ ಇದ್ದರೆ ಆ ದಿನ ಬೇಡ. ನಡುಕ, ಬೆವರು, ಗೊಂದಲ ಕಂಡು ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಕಾದು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟ್ ಈ ಹೊತ್ತಿಗೆ ಸಲ್ಲದು, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಕೂಡ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ ಬೇಗ ಹತ್ತುವುದಿಲ್ಲ, ಏಕೆಂದರೆ ಅದನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರ ಜೇಬಿನಲ್ಲಿ ಗ್ಲುಕೋಸೇ ಇರಬೇಕು. ಸಂಜೆ ಹೆಚ್ಚು ಶ್ರಮಪಟ್ಟ ದಿನ ಕುಸಿತ ನಡುರಾತ್ರಿಯಲ್ಲೂ ಬರಬಹುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಅಡ್ಡವಾಗುತ್ತದೆ, ಆಂಬುಲೆನ್ಸ್ ಕರೆಸಬೇಕು. ಇದು ಮನೆಯವರಿಗೂ ಗೊತ್ತಿರಲಿ.

ಕಲಿಕೆ: ಗುಂಪೋ, ಒಬ್ಬೊಬ್ಬರಾಗಿಯೋ, ಆ್ಯಪ್ಪೋ

ಗುಂಪು ತರಗತಿಯಲ್ಲಿ ಬೇರೆಯವರ ಪ್ರಶ್ನೆಗಳಿಂದ ನಿಮಗೆ ಉತ್ತರ ಸಿಗುತ್ತದೆ, ಜೊತೆಗಾರರು ಸಿಗುತ್ತಾರೆ. ಇನ್ಸುಲಿನ್ ಶುರುಮಾಡುವವರಿಗೆ, ಕಿಡ್ನಿ ತೊಂದರೆ ಸೇರಿಕೊಂಡವರಿಗೆ, ಗುಂಪಿನಲ್ಲಿ ಬಾಯಿಬಿಡಲು ಸಂಕೋಚ ಇರುವವರಿಗೆ ಒಬ್ಬರೇ ಕೂತು ಕಲಿಯುವುದು ಮೇಲು. ಆ್ಯಪ್ ಅಂಕಿ ಬರೆದಿಡಲು, ನೆನಪಿಸಲು ಒಳ್ಳೆಯ ಸಹಾಯಕ; ಆ ಅಂಕಿ ನೋಡಿ ನಿಮ್ಮೊಂದಿಗೆ ಮಾತಾಡುವ ಮನುಷ್ಯರು ಇಲ್ಲದಿದ್ದರೆ ಬೇಗ ಮೂಲೆ ಸೇರುತ್ತದೆ.

ರೂಪಕ್ಕಿಂತ ಮುಖ್ಯ ಗಂಟೆಗಳು. ಒಟ್ಟು ಹತ್ತು ಗಂಟೆ ದಾಟಿದ ಶಿಕ್ಷಣ ಹೆಚ್ಚು ಫಲ ಕೊಡುತ್ತದೆ ಎಂದು ಅಧ್ಯಯನಗಳು ಮತ್ತೆಮತ್ತೆ ತೋರಿಸಿವೆ. ಬ್ರಿಟನ್ನಿನ ಡೆಸ್ಮಂಡ್ ಎಂಬ ಆರು ಗಂಟೆಯ ಗುಂಪು ಕಾರ್ಯಕ್ರಮವನ್ನು 2008ರಲ್ಲಿ ಅಳೆದಾಗ, ವರ್ಷದ ನಂತರ ತೂಕ ಹೆಚ್ಚು ಇಳಿದಿತ್ತು, ಧೂಮಪಾನ ಬಿಟ್ಟವರು ಹೆಚ್ಚಿದ್ದರು. ಎಚ್‌ಬಿಎ1ಸಿಯಲ್ಲಿ ಮಾತ್ರ ಕಲಿಯದವರಿಗಿಂತ ಖಚಿತ ವ್ಯತ್ಯಾಸ ಇರಲಿಲ್ಲ. ಒಂದೇ ದಿನದ ಶಿಬಿರವನ್ನು ನಂಬಿಕೊಳ್ಳಬೇಡಿ. ಮತ್ತೆ ಕರೆದು ನೋಡುತ್ತಾರೆಯೇ, ನಿಮ್ಮದೇ ಮೀಟರ್ ಅಂಕಿಗಳನ್ನು ಇಟ್ಟುಕೊಂಡು ಕಲಿಸುತ್ತಾರೆಯೇ, ಪಾದ ನೋಡುವುದನ್ನೂ ಸೂಜಿ ಚುಚ್ಚುವ ಜಾಗ ಬದಲಿಸುವುದನ್ನೂ ಕೈಯಲ್ಲೇ ಮಾಡಿಸುತ್ತಾರೆಯೇ ಎಂದು ಕೇಳಿ ಸೇರಿ. ಕೊನೆಗೆ ಪುಡಿ, ಕಷಾಯ ಮಾರುವ ತರಗತಿಯಾದರೆ ಎದ್ದು ಬನ್ನಿ. ಕಾಯಿಲೆ ಪತ್ತೆಯಾದಾಗ, ವರ್ಷಕ್ಕೊಮ್ಮೆ, ಹೊಸ ತೊಡಕು ಕಂಡಾಗ, ಬದುಕು ಅಥವಾ ಚಿಕಿತ್ಸೆ ಬದಲಾದಾಗ ಮತ್ತೆ ಕಲಿಯಲು ಹೋಗಬೇಕು.

ಹಾಗಾದರೆ ಯಾರಿಗೆ ಯಾವುದು

ಕಾಯಿಲೆ ಹೊಸದು, ತೂಕ ಹೆಚ್ಚು, ಬೆಳಗಿನ ಅಂಕಿಯೇ ಏರಿದೆ ಎಂದರೆ ಊಟ ಮೊದಲು, ಗುರಿ ತೂಕ. ಶುರುವಿನಲ್ಲೇ ಭಾರದ ವ್ಯಾಯಾಮ ಜೊತೆಗಿರಲಿ, ಇಲ್ಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಇಳಿದುಹೋಗುತ್ತದೆ.

ಬೆಳಗ್ಗೆ ಪರವಾಗಿಲ್ಲ, ಊಟದ ನಂತರ ಹಾರುತ್ತದೆ ಎಂದರೆ ಜೋಡಿ ಪರೀಕ್ಷೆ ತೋರಿಸಿದ ಆ ಒಂದು ಊಟದ ತಟ್ಟೆಯನ್ನು ಬದಲಿಸಿ, ಅದರ ಬೆನ್ನಿಗೇ 10 ನಿಮಿಷ ನಡೆಯಿರಿ. ಉಳಿದ ಎರಡು ಊಟವನ್ನು ಸದ್ಯಕ್ಕೆ ಮುಟ್ಟಬೇಡಿ. ಇವರಿಗೆ ಎರಡೇ ವಾರದಲ್ಲಿ ಅಂಕಿ ಬದಲಾಗುವುದು ಕಾಣುತ್ತದೆ, ಅದು ಕೊಡುವ ಧೈರ್ಯ ದೊಡ್ಡದು.

ತೆಳ್ಳಗಿದ್ದು ಸಕ್ಕರೆ ಹೆಚ್ಚಿರುವವರು ಊಟ ಕಡಿಮೆ ಮಾಡುತ್ತಾ ಹೋಗಿ ಸೊರಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಇವರಿಗೆ ಭಾರದ ವ್ಯಾಯಾಮ ಮೊದಲು, ಪ್ರೋಟೀನ್ ಸಾಕಷ್ಟು, ಕಾರ್ಬೋಹೈಡ್ರೇಟ್ ದಿನವಿಡೀ ಹಂಚಿ. ಪ್ರಯತ್ನಪಡದೆಯೇ ತೂಕ ಇಳಿಯುತ್ತಿದ್ದರೆ ಪಥ್ಯ ಬಿಗಿ ಮಾಡುವುದಕ್ಕೆ ಮುಂಚೆ ವೈದ್ಯರನ್ನು ನೋಡಿ: ಇನ್ಸುಲಿನ್ ಕೊರತೆಯೇ ಕಾರಣವಾಗಿರಬಹುದು. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಅಳತೆಯನ್ನು ವೈದ್ಯರಿಂದಲೇ ಪಡೆಯಬೇಕು.

ಇನ್ಸುಲಿನ್ ತೆಗೆದುಕೊಳ್ಳುತ್ತಾ ಮೇಲೆ ಕೆಳಗೆ ಹೊಯ್ದಾಡುವವರಿಗೆ ಕಲಿಕೆ ಮೊದಲು. ಎಣಿಕೆ, ಡೋಸ್, ಚುಚ್ಚುವ ಜಾಗ ಸರಿಹೋಗದೆ ಹೊಸ ವ್ಯಾಯಾಮ ಶುರುಮಾಡಿದರೆ ಕುಸಿತಗಳು ಹೆಚ್ಚುತ್ತವೆ. ಕುಸಿತಕ್ಕೆ ಹೆದರಿ ಹೆಚ್ಚು ತಿಂದು ತೂಕ ಏರುತ್ತದೆ.

ಮಂಡಿ ನೋವಿನವರು ಕುರ್ಚಿ ವ್ಯಾಯಾಮ, ಈಜು, ಸೈಕಲ್ ಹಿಡಿಯಲಿ. ನಡಿಗೆಯೊಂದೇ ವ್ಯಾಯಾಮ ಎಂದು ಯಾರೂ ಕಟ್ಟು ಮಾಡಿಲ್ಲ.

ಆರಿಸಿದ ದಾರಿಯನ್ನು 12 ವಾರ ಬಿಡದೆ ನಡೆಸಿ, ಆಮೇಲೆ ಎಚ್‌ಬಿಎ1ಸಿ ಮಾಡಿಸಿ. ಅದಕ್ಕೆ ಮುಂಚೆ ಮಾಡಿಸಿದರೆ ಹಳೆಯ ತಿಂಗಳುಗಳ ಸಕ್ಕರೆಯೂ ಅದರಲ್ಲಿ ಬೆರೆತಿರುತ್ತದೆ. ಅರ್ಧ ಅಂಶ ಇಳಿದಿದ್ದರೆ ಅದೇ ದಾರಿ ಮುಂದುವರಿಸಿ, ಎರಡನೆಯದನ್ನು ಸೇರಿಸಿ. ಇಳಿಯದಿದ್ದರೆ ಆರು ದಿನದ ಜೋಡಿ ಪರೀಕ್ಷೆ ಮತ್ತೊಮ್ಮೆ ಮಾಡಿ, ಆ ಹಾಳೆಯನ್ನು ವೈದ್ಯರ ಮುಂದಿಡಿ. ಮಾತ್ರೆ ಹೆಚ್ಚಿಸುವುದಾಗಲಿ ಬಿಡುವುದಾಗಲಿ ಆ ಹಾಳೆ ನೋಡಿ ಅವರು ಹೇಳಿದ ಮೇಲೆಯೇ.